ಕಾಡಿನ ಅಣಬೆ: ತಿಳಿದು ತಿನ್ನೋಣ, ನಾವೂ ತಿನ್ನೋಣ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ವಿಷಯ ಪ್ರತಿ ತಿಂಗಳೂ ಇದ್ದದ್ದೇ. ಈ ಸಲ ಮಳೆಗಾಲದ ಆಹಾರದ ಬಗ್ಗೆ ಏನಾದರೂ ಹೇಳಿ ಸಿಸ್ಟರ್ ಅಂತ ನೀವೇ ಕೇಳಿದಿರಿ. ಮೃಗಶಿರ ಮಳೆ ಹಿಡಿದು ಆರಿದ್ರಾ ಹತ್ತಿರ ಬಂತೆಂದರೆ ನಮ್ಮ ಮಲೆನಾಡಿನಲ್ಲಿ ಎಲ್ಲರ ಕಣ್ಣೂ ನೆಲದ ಮೇಲೇ ಇರುತ್ತದೆ. ರಾತ್ರಿ ಗುಡುಗಿದರೆ ಬೆಳಿಗ್ಗೆ ಬುಟ್ಟಿ ಹಿಡಿದು ಹೊರಡುವವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಆದ್ದರಿಂದ ಇವತ್ತು ಕಾಡಿನ ಅಣಬೆಯ ಬಗ್ಗೆ ಮಾತಾಡೋಣ.

ನಾನು ಮುಖ್ಯವಾಗಿ ಹೇಳುವುದು ಎರಡೇ ಮಾತು. ಒಂದು, ಗುರುತು ಖಚಿತವಾಗಿ ಗೊತ್ತಿರುವ ಅಣಬೆಯನ್ನು ಮಾತ್ರ ತಿನ್ನಬೇಕು. ಎರಡು, ಒಳ್ಳೆಯ ಅಣಬೆ ಮನೆಗೆ ಬಂದ ದಿನ ಅದು ಮನೆಯ ಹೆಂಗಸಿನ ತಟ್ಟೆಗೂ ಬೀಳಬೇಕು. ಉಳಿದದ್ದೆಲ್ಲ ಈ ಎರಡು ಮಾತಿನ ವಿವರಣೆ.

ಅಣಬೆ ಅಂದರೇನು?

ಅಣಬೆಗೆ ತುಳುವಿನಲ್ಲಿ ಲಾಂಬು, ಕೊಡವರಲ್ಲಿ ಕುಮ್ಮು, ಕೊಂಕಣಿಯಲ್ಲಿ ಅಳಮಿ ಅನ್ನುತ್ತಾರೆ. ಇದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟು, ಬ್ರೆಡ್ಡಿಗೆ ಹಾಕುವ ಯೀಸ್ಟ್ ಇವೆಲ್ಲ ಸೇರಿದ ಶಿಲೀಂಧ್ರದ ಜಾತಿ. ಇದರಲ್ಲಿ ಎಲೆಯ ಹಸಿರು ಇಲ್ಲ, ಹಾಗಾಗಿ ಬಿಸಿಲಿನಿಂದ ತನ್ನ ಊಟ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ನಾವು ಕೀಳುವ ಕೊಡೆ ಬರೀ ಹಣ್ಣು ಇದ್ದ ಹಾಗೆ. ಮರ ಇರುವುದು ಮಣ್ಣಿನೊಳಗೆ, ಬಿಳಿ ನೂಲಿನ ಬಲೆಯ ಹಾಗೆ ಹಬ್ಬಿಕೊಂಡು.

ಹುತ್ತದ ಅಣಬೆಯ ಕತೆ ಇನ್ನೂ ಚಂದ. ಗೆದ್ದಲು ಎಲೆ, ಕಡ್ಡಿ, ಮರದ ಚೂರು ತಂದು ಹುತ್ತದೊಳಗೆ ಜೇನು ತಟ್ಟಿಯಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಶಿಲೀಂಧ್ರ ಆ ಕಡ್ಡಿಯನ್ನು ಮೆತ್ತಗೆ ಮಾಡಿ ಕೊಡುತ್ತದೆ, ಗೆದ್ದಲು ತಿನ್ನುತ್ತದೆ. ಅಂದರೆ ನಾವು ಹಟ್ಟಿಯಲ್ಲಿ ದನ ಸಾಕುವ ಹಾಗೆ ಗೆದ್ದಲು ಅಣಬೆ ಸಾಕುತ್ತದೆ. ಹುತ್ತದ ಅಣಬೆಯ ಕಾಂಡ ಬೇರಿನ ಹಾಗೆ ಆಳಕ್ಕೆ ಇಳಿದು ಆ ಗೂಡನ್ನು ಮುಟ್ಟುತ್ತದೆ. ಇದನ್ನು ಮನುಷ್ಯ ಬೇರೆ ಅಣಬೆಗಳಂತೆ ಮನೆಯಲ್ಲಿ ಬೆಳೆದು ಮಾರುವ ಹಾಗಾಗಿಲ್ಲ. ಗೆದ್ದಲು ಬೇಕೇ ಬೇಕು.

ಗೋಲಿಯ ಹಾಗೆ ಉರುಟಾದ ಕಲ್ಲಣಬೆ, ಕರಾವಳಿಯವರ ಕಲ್ಲಲಾಂಬು, ಬದುಕುವುದು ಕಾಡುಮರಗಳ ಬೇರಿನ ಜತೆ. ಅಣಬೆ ಬೇರಿಗೆ ನೀರು, ಲವಣ ಒದಗಿಸುತ್ತದೆ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ನಮ್ಮ ಸಂಘದ ಹಾಗೆ ಕೊಡುಕೊಳ್ಳುವಿಕೆ. ಮರ ಕಡಿದ ಕಡೆ ಕಲ್ಲಣಬೆ ಯಾಕೆ ಕಾಣೆಯಾಗುತ್ತದೆ ಅಂತ ಈಗ ನಿಮಗೇ ಅರ್ಥವಾಗಿರಬೇಕು.

ಅಣಬೆಯಲ್ಲಿ ಏನಿದೆ, ಏನಿಲ್ಲ?

ಅಣಬೆ ಮಾಂಸಕ್ಕೆ ಸಮ ಅಂತ ಹೇಳುವುದನ್ನು ಕೇಳಿದ್ದೇವೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. 100 ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಅಂದರೆ ಒಂದು ಮೊಟ್ಟೆಗೆ ಸರಿಗಟ್ಟಲು 200 ಗ್ರಾಂ ಅಣಬೆ ಬೇಕು. ಆದರೆ ಅದನ್ನೇ ಒಣಗಿಸಿದರೆ ನೀರು ಹೋಗಿ, ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್ ಆಗುತ್ತದೆ. ಆಗ ಅದು ತೊಗರಿಬೇಳೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ನಾವು ದಿನವೂ ಉಣ್ಣುವ ಅನ್ನದಲ್ಲಿ ಲೈಸಿನ್ ಎಂಬ ಪ್ರೋಟೀನ್ ಅಂಶ ಕಡಿಮೆ. ಅಣಬೆಯಲ್ಲಿ ಅದು ಚೆನ್ನಾಗಿದೆ. ಹಾಗಾಗಿ ಅನ್ನ, ಕಡುಬು, ಅಕ್ಕಿರೊಟ್ಟಿ ಜತೆ ಅಣಬೆ ಸಾರು ಅಥವಾ ಪಲ್ಯ ನಮ್ಮ ಹಿರಿಯರು ಹಾಕಿಕೊಟ್ಟ ಒಳ್ಳೆಯ ಜೋಡಿ.

ಇನ್ನೂ ಏನೇನು ಪ್ರಯೋಜನ?

1. ಕೊಬ್ಬು ಬಹಳ ಕಡಿಮೆ, ಕೊಲೆಸ್ಟರಾಲ್ ಇಲ್ಲ. ಸಕ್ಕರೆ, ಪಿಷ್ಟ ಕೂಡ ಕಡಿಮೆ. ಸಕ್ಕರೆ ಕಾಯಿಲೆ ಇರುವವರು, ತೂಕ ಹೆಚ್ಚಿರುವವರು ತಿನ್ನಬಹುದಾದ ಆಹಾರ.

2. ನಾರಿನ ಅಂಶ ಇದೆ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಮಲಬದ್ಧತೆಗೆ ಒಳ್ಳೆಯದು.

3. ರೈಬೋಫ್ಲೇವಿನ್, ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವಗಳಿವೆ. ಬಾಯಿಯ ಕೊನೆ ಒಡೆಯುವುದು, ನಾಲಿಗೆ ಕೆಂಪಾಗಿ ಉರಿಯುವುದು ರೈಬೋಫ್ಲೇವಿನ್ ಕಡಿಮೆಯಾದಾಗ ಕಾಣಿಸಿಕೊಳ್ಳಬಹುದು.

4. ಪೊಟ್ಯಾಸಿಯಂ ಚೆನ್ನಾಗಿದೆ, ಉಪ್ಪಿನ ಸೋಡಿಯಂ ಕಡಿಮೆ. ರಕ್ತದೊತ್ತಡ ಇರುವವರಿಗೆ ಒಳ್ಳೆಯದು. ಆದರೆ ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

5. ಅಣಬೆಯಲ್ಲಿರುವ ಒಂದು ಅಂಶ ಬಿಸಿಲು ತಾಗಿದಾಗ ಡಿ ಜೀವಸತ್ವವಾಗಿ ಬದಲಾಗುತ್ತದೆ, ನಮ್ಮ ಚರ್ಮದಲ್ಲಿ ಆಗುವ ಹಾಗೆಯೇ. ಮಳೆ ಬಿಟ್ಟು ಬಿಸಿಲು ಕಂಡರೆ ಅಣಬೆಯನ್ನು ಸೀಳಿ, ಅಡಿಭಾಗ ಮೇಲೆ ಮಾಡಿ ಒಂದೆರಡು ಗಂಟೆ ಹರಡಿ ಇಡಿ. ಆಮೇಲೆ ಅಡುಗೆ ಮಾಡಿ. ಖರ್ಚಿಲ್ಲದೆ ಮೂಳೆಗೆ ಬಲ.

ಇಲ್ಲದ್ದನ್ನೂ ಹೇಳಬೇಕು. ಎ ಮತ್ತು ಸಿ ಜೀವಸತ್ವಕ್ಕೆ ಅಣಬೆಯನ್ನು ನಂಬುವ ಹಾಗಿಲ್ಲ. ಕಬ್ಬಿಣದ ಅಂಶ ಇದೆಯಾದರೂ ರಕ್ತಹೀನತೆ ನೀಗಿಸುವಷ್ಟು ಇಲ್ಲ. ಅಣಬೆ ತಿಂದರೆ ಕ್ಯಾನ್ಸರ್ ಬರುವುದೇ ಇಲ್ಲ, ಸಕ್ಕರೆ ಕಾಯಿಲೆ ಹೋಗಿಬಿಡುತ್ತದೆ ಅಂತ ಮೊಬೈಲಿನಲ್ಲಿ ಬರುವ ಸಂದೇಶ ನಂಬಿ ಮಾತ್ರೆ ನಿಲ್ಲಿಸಬೇಡಿ. ಅಣಬೆ ಔಷಧಿ ಅಲ್ಲ, ಒಳ್ಳೆಯ ಆಹಾರ. ಅಷ್ಟು ಸಾಕಲ್ಲ?

ಅಣಬೆ ಯಾರ ತಟ್ಟೆಗೆ?

2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಅಂದರೆ ಈ ಸಭೆಯಲ್ಲಿ ಒಬ್ಬರನ್ನು ಬಿಟ್ಟು ಒಬ್ಬರನ್ನು ಎಣಿಸಿದಂತೆ. ಅದಕ್ಕೂ ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು 44.8 ಇತ್ತು. ಕಡಿಮೆಯಾಗಬೇಕಾದದ್ದು ಹೆಚ್ಚಾಗಿದೆ.

ಇದಕ್ಕೆ ಕಾರಣ ಹಲವು. ಅದರಲ್ಲಿ ಒಂದು ನಮ್ಮ ಅಡುಗೆಮನೆಯಲ್ಲೇ ಇದೆ. ಒಂದು ಸಂಘದ ಸಭೆಯಲ್ಲಿ ಅಣಬೆ ಸಾರಿನ ಮಾತು ಬಂದಾಗ ಒಬ್ಬ ತಾಯಿ ನಗುತ್ತಾ ಹೇಳಿದರು: "ಹೋಳು ಅವರಿಗೆ, ಮಕ್ಕಳಿಗೆ. ನಂಗೆ ರಸ ಸಾಕು ಸಿಸ್ಟರ್." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಳೆಯಲ್ಲಿ ನೆನೆದು, ಉಂಬಳ ಕಚ್ಚಿಸಿಕೊಂಡು ಅಣಬೆ ಹುಡುಕಿದವರು ಅವರು. ತೊಳೆದವರು, ಬೇಯಿಸಿದವರು ಅವರೇ. ತಟ್ಟೆಗೆ ಬಂದದ್ದು ರಸ.

ಇನ್ನು ಮಾರುವವರ ಕತೆ. ಕರಾವಳಿಯ ಪೇಟೆಯಲ್ಲಿ ಕಲ್ಲಣಬೆಗೆ ಕಿಲೋಗೆ ನೂರಾರು ರೂಪಾಯಿ ಬೆಲೆ. ಆ ದುಡ್ಡು ಬೇಕು, ಮಕ್ಕಳ ಫೀಸು ಕಟ್ಟಬೇಕು, ಸಂಘದ ಕಂತು ಕಟ್ಟಬೇಕು. ಮಾರಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಸಿಕ್ಕಿದ್ದನ್ನೆಲ್ಲ ಮಾರಿ ಬರುವಾಗ ಬಿಸ್ಕತ್ತು ಪೊಟ್ಟಣ ತರುವುದು ಲಾಭವಲ್ಲ. ಒಂದು ಪಾಲು ಮನೆಗೆ ಅಂತ ಮೊದಲೇ ಎತ್ತಿಡಿ. ಅದರಲ್ಲಿ ನಿಮ್ಮ ಪಾಲನ್ನೂ ಎತ್ತಿಡಿ.

ರಕ್ತಹೀನತೆ ಇರುವವರು ಅಣಬೆಯ ಜತೆ ನುಗ್ಗೆಸೊಪ್ಪು, ಹುರುಳಿಕಾಳು, ಮೊಟ್ಟೆ, ಮೀನು ತಿನ್ನಬೇಕು. ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತಲು ಸಹಾಯ. ಗರ್ಭಿಣಿಯರು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು 180 ದಿನ ತಪ್ಪದೆ ನುಂಗಬೇಕು. ಮಾತ್ರೆಗೆ ಬದಲು ಅಣಬೆ ಅನ್ನುವಂತಿಲ್ಲ.

ಕೊಲ್ಲುವ ಅಣಬೆಯೂ ಇದೆ

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಕಾರ್ಮಿಕ ಕುಟುಂಬದವರು, ನಮ್ಮ ನಿಮ್ಮ ಹಾಗೆ ತೋಟದಲ್ಲಿ ದುಡಿಯುವ ಬಡವರು. ಅವರೂ ರುಚಿಯಾದ ಅಣಬೆ ಅಂತಲೇ ತಂದು ಬೇಯಿಸಿದ್ದರು.

ಇದನ್ನು ಇಲ್ಲಿ ಹೇಳಲು ಕಾರಣ ಇದೆ. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಅವರ ಊರಿನಲ್ಲಿ ತಿನ್ನುವ ಅಣಬೆಯ ಹಾಗೆ ಕಾಣುವ ಬೇರೊಂದು ಅಣಬೆ ಇಲ್ಲಿರಬಹುದು. ಊರು ಬದಲಾದರೆ ಗುರುತೂ ಬದಲಾಗುತ್ತದೆ. ಇಲ್ಲಿಯವರೇ ಆದರೂ ಗಂಡನ ಮನೆಗೆ ಹೊಸದಾಗಿ ಬಂದ ಬಯಲುಸೀಮೆಯ ಸೊಸೆಗೆ, ಪೇಟೆಯಲ್ಲಿ ಓದಿ ಬಂದ ಮಗಳಿಗೆ ಏನು ಗೊತ್ತು? ಹೇಳಿಕೊಡುವವರು ನೀವೇ.

ಸಾವು ತರುವ ಅಣಬೆಗಳಲ್ಲಿ ಮುಖ್ಯವಾದದ್ದು ಅಮಾನಿಟಾ ಎಂಬ ಗುಂಪಿನ ಕೆಲವು ಜಾತಿಗಳು. ಬಣ್ಣ ಬಿಳಿಯೋ, ತಿಳಿ ಹಸಿರೋ ಇರಬಹುದು. ನೋಡಲು ಬಲು ಚೆಲುವು. ಕೊಡೆಯ ಅಡಿಯ ಪದರಗಳು ಬಿಳಿ. ಕಾಂಡದ ಮೇಲೆ ಬಳೆಯಂಥ ಉಂಗುರ, ಬುಡದಲ್ಲಿ ಮಣ್ಣಿನೊಳಗೆ ಬಟ್ಟಲಿನಂಥ ಚೀಲ. ಮೇಲಿನಿಂದ ಚಿವುಟಿ ತಂದರೆ ಈ ಬಟ್ಟಲು ಮಣ್ಣಲ್ಲೇ ಉಳಿಯುತ್ತದೆ, ಗುರುತೂ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲ ಒಂದನ್ನಾದರೂ ಬುಡ ಸಮೇತ ಬಿಡಿಸಿ ನೋಡಬೇಕು. ಉಂಗುರ ಮತ್ತು ಬಟ್ಟಲು ಎರಡೂ ಕಂಡರೆ ಮುಟ್ಟದೆ ಬಿಡಿ. ಹಾಗಂತ ಇವೆರಡೂ ಇಲ್ಲದ್ದೆಲ್ಲ ಒಳ್ಳೆಯದು ಅಂತ ಅರ್ಥವಲ್ಲ.

ಹುಲ್ಲಿನ ಮೈದಾನದಲ್ಲಿ, ಕೊಟ್ಟಿಗೆಯ ಬಳಿ ದೊಡ್ಡ ಬಿಳಿ ಕೊಡೆಯ, ಮೇಲೆ ಕಂದು ಚಕ್ಕೆಗಳಿರುವ ಒಂದು ಅಣಬೆ ಏಳುತ್ತದೆ. ಬಲಿತಾಗ ಅದರ ಅಡಿಯ ಪದರ ಹಸಿರಾಗುತ್ತದೆ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ ಭೇದಿ. ಎಳೆಯದಿದ್ದಾಗ ತಿನ್ನುವ ಅಣಬೆಯ ಹಾಗೇ ಕಾಣುತ್ತದೆ, ಜೋಕೆ.

ಕಲ್ಲಣಬೆ ತರುವವರು ಪ್ರತಿಯೊಂದನ್ನೂ ಎರಡು ಹೋಳು ಮಾಡಿ ನೋಡಿ. ಒಳಗೆ ಪೂರ್ತಿ ಬೆಳ್ಳಗೆ, ಗಟ್ಟಿಯಾಗಿ ಇರಬೇಕು. ಕಪ್ಪಾಗಿದ್ದರೆ ಒಂದೋ ಬಲಿತಿದೆ, ಇಲ್ಲವೇ ಬೇರೆ ಜಾತಿ. ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಅದು ಕಲ್ಲಣಬೆಯೇ ಅಲ್ಲ, ಇನ್ನೂ ಅರಳದ ಬೇರೆ ಅಣಬೆ, ಅಮಾನಿಟಾದ ಮೊಗ್ಗೂ ಆಗಿರಬಹುದು. ಎಸೆಯಿರಿ.

ನಂಬಬಾರದ ಪರೀಕ್ಷೆಗಳು

ಸಾರಿಗೆ ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ ಅನ್ನುತ್ತಾರೆ. ಬೆಳ್ಳುಳ್ಳಿ ಬಣ್ಣ ಬದಲಾಗುತ್ತದೆ, ಅಕ್ಕಿ ಕೆಂಪಾಗುತ್ತದೆ ಅನ್ನುತ್ತಾರೆ. ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಅರಸಿನ ಹುಣಸೆಹುಳಿ ಹಾಕಿ ಕುದಿಸಿದರೆ ವಿಷ ಹೋಗುತ್ತದೆ ಅನ್ನುತ್ತಾರೆ. ಇದ್ಯಾವುದೂ ನಿಜವಲ್ಲ. ಅಮಾನಿಟಾದ ವಿಷ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ. ಹುಳಕ್ಕೆ ಆಗದ್ದು ಮನುಷ್ಯನಿಗೆ ಆಗುತ್ತದೆ. ಎಷ್ಟು ಕುದಿಸಿದರೂ, ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ತಿಂದವರು ರುಚಿ ಚೆನ್ನಾಗಿತ್ತು ಅಂತಲೂ ಹೇಳಿದ್ದುಂಟು. ಗುರುತು ಬಲ್ಲವರ ಕಣ್ಣೇ ಪರೀಕ್ಷೆ. ಸಂಶಯ ಬಂದರೆ ಬಿಸಾಡಿ. ಒಂದು ಹೊತ್ತಿನ ಪಲ್ಯ ಹೋದರೆ ಹೋಗಲಿ.

ವಿಷ ತಗುಲಿದರೆ

ಅಮಾನಿಟಾದ ಮೋಸ ಇಲ್ಲಿದೆ. ತಿಂದ ಕೂಡಲೇ ಏನೂ ಆಗುವುದಿಲ್ಲ. 6 ಗಂಟೆ ಕಳೆದ ಮೇಲೆ, ಕೆಲವು ಸಲ ಮರುದಿನ, ವಾಂತಿ ಭೇದಿ ಹೊಟ್ಟೆನೋವು ಶುರುವಾಗುತ್ತದೆ. ಆಮೇಲೆ ನಿಂತುಬಿಡುತ್ತದೆ. "ಸದ್ಯ, ವಾಸಿಯಾಯ್ತು" ಅಂತ ಮನೆಯವರು ಉಸಿರು ಬಿಡುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಪಿತ್ತಜನಕಾಂಗ, ಅಂದರೆ ಲಿವರ್, ಹಾಳಾಗುತ್ತಿರುತ್ತದೆ. ಮೂರನೆಯ, ನಾಲ್ಕನೆಯ ದಿನಕ್ಕೆ ಕಣ್ಣು ಹಳದಿಯಾಗಿ ಜ್ಞಾನ ತಪ್ಪುವ ಸ್ಥಿತಿ ಬರಬಹುದು. ಆದ್ದರಿಂದ:

1. ಅಣಬೆ ತಿಂದ ಮೇಲೆ ವಾಂತಿ ಭೇದಿಯಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

2. ಒಬ್ಬರಿಗೆ ಆದರೂ ಜತೆಗೆ ತಿಂದ ಎಲ್ಲರೂ ಹೋಗಿ, ಮಕ್ಕಳನ್ನು ಮುಖ್ಯವಾಗಿ.

3. ಉಳಿದ ಅಣಬೆ, ಸಿಪ್ಪೆ, ಪಾತ್ರೆಯಲ್ಲಿ ಉಳಿದ ಸಾರು ಏನಿದ್ದರೂ ಕಟ್ಟಿಕೊಂಡು ಹೋಗಿ.

4. ತಿಂದ ಹೊತ್ತು, ತೊಂದರೆ ಶುರುವಾದ ಹೊತ್ತು ಎರಡನ್ನೂ ಡಾಕ್ಟರಿಗೆ ಹೇಳಿ.

5. ಭೇದಿ ನಿಂತಿತು ಅಂತ ಹೇಳಿ ಕೇಳಿ ಮನೆಗೆ ಬಂದುಬಿಡಬೇಡಿ. ಡಾಕ್ಟರು ಬಿಡುವ ತನಕ ಅಲ್ಲೇ ಇರಿ.

ಕೀಳುವಾಗ, ಬೇಯಿಸುವಾಗ

ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ಮದ್ದು ಹೊಡೆಯುತ್ತಾರೆ, ಕಾಫಿ ತೋಟಕ್ಕೆ ಕಳೆನಾಶಕ ಹೊಡೆಯುತ್ತಾರೆ. ಅಂಥ ಜಾಗದ ಅಣಬೆ ಬೇಡ. ಅಣಬೆ ಮಣ್ಣಿನಲ್ಲಿರುವ ಸೀಸದಂಥ ಲೋಹವನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಹೆದ್ದಾರಿ ಬದಿಯದ್ದು, ಕಸ ಸುರಿಯುವ ಕಡೆಯದ್ದೂ ಬೇಡ.

ಹುತ್ತವನ್ನು ಹಾರೆ ಹಾಕಿ ಅಗೆಯಬೇಡಿ. ಗೂಡು ಒಡೆದರೆ ಮುಂದಿನ ವರ್ಷ ಅಲ್ಲಿ ಅಣಬೆ ಏಳಲಿಕ್ಕಿಲ್ಲ. ನಾಲ್ಕಾರು ಬಲಿತ ಕೊಡೆ ಹಾಗೇ ಬಿಟ್ಟು ಬನ್ನಿ, ಬೀಜದಂಥ ಪುಡಿ ಗಾಳಿಗೆ ಹರಡಲಿ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಈ ಭೂಮಿ ನಮ್ಮೆಲ್ಲರ ಒಂದೇ ಮನೆ ಅಂತ ನೆನಪಿಸಿದ್ದಾರೆ. ಮನೆ ಅಂದಮೇಲೆ ಗೆದ್ದಲಿಗೂ ಅದರಲ್ಲಿ ಒಂದು ಕೋಣೆ ಇದೆ.

ತಂದ ಅಣಬೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಬೇಡಿ, ಬೆವರಿ ಕೊಳೆಯುತ್ತದೆ. ಬುಟ್ಟಿಯಲ್ಲಿ ಬಾಳೆಎಲೆ ಹಾಸಿ ಇಡಿ. ಆ ದಿನವೇ ಅಡುಗೆ ಮಾಡಿ. ಹಸಿಯಾಗಿ ತಿನ್ನಬೇಡಿ, ಚೆನ್ನಾಗಿ ಬೆಂದರೆ ಮಾತ್ರ ಜೀರ್ಣವಾಗುತ್ತದೆ. ಬೇರೆ ಬೇರೆ ಜಾತಿಯನ್ನು ಒಂದೇ ಪಾತ್ರೆಗೆ ಹಾಕಬೇಡಿ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿನ್ನಲಿ, ಒಳ್ಳೆಯ ಅಣಬೆಯೂ ಕೆಲವರ ಮೈಗೆ ಒಗ್ಗುವುದಿಲ್ಲ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಹೊಸ ಜಾತಿಯ ಪ್ರಯೋಗ ಬೇಡವೇ ಬೇಡ. ಇನ್ನೊಂದು ಮಾತು, ಕೆಲವು ಅಣಬೆ ಸಾರಾಯಿಯ ಜತೆ ಸೇರಿದರೆ ಎದೆಬಡಿತ, ವಾಂತಿ ಬರಿಸುತ್ತದೆ. ಕುಡಿಯುವ ಗಂಡಸರಿಗೆ ಇದನ್ನೂ ಹೇಳಿ. ಕುಡಿತ ಬಿಟ್ಟರೆ ಇನ್ನೂ ಒಳ್ಳೆಯದು!

ಕಾಡಿಗೆ ಹೋಗದೆ ಬೆಳೆಯಬಹುದು

ಕಾಡಿನ ಅಣಬೆ ವರ್ಷದಲ್ಲಿ ಕೆಲವೇ ವಾರ. ಉಳಿದ ದಿನಗಳಿಗೆ ಚಿಪ್ಪಣಬೆ ಇದೆ. ಬತ್ತದ ಹುಲ್ಲನ್ನು ಎರಡು ಮೂರು ಇಂಚಿನ ತುಂಡು ಮಾಡಿ, ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಒಂದೆರಡು ಗಂಟೆ ಬೇಯಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಸುತ್ತ ಅಣಬೆ ಬೀಜ, ಮತ್ತೆ ಹುಲ್ಲು, ಹೀಗೆ ತುಂಬಿ, ಚೀಲಕ್ಕೆ ಸಣ್ಣ ತೂತು ಮಾಡಿ ಕತ್ತಲ ಕೋಣೆಯಲ್ಲಿ ತೂಗಿಸಬೇಕು. ಸುಮಾರು 20 ದಿನದಲ್ಲಿ ಒಳಗೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಸೀಳಿ, ಬೆಳಕು ಗಾಳಿ ಬಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಒಂದು ವಾರದಲ್ಲಿ ಮೊದಲ ಕೊಯ್ಲು. ಒಂದು ಕಿಲೋ ಒಣ ಹುಲ್ಲಿಗೆ ಎರಡು ಮೂರು ಕೊಯ್ಲು ಸೇರಿ ಅರ್ಧ ಕಿಲೋಗೂ ಹೆಚ್ಚು ಅಣಬೆ ಸಿಗುತ್ತದೆ. ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಪುಡಿ ಕೆಲವರಿಗೆ ಕೆಮ್ಮು, ದಮ್ಮು ತರುತ್ತದೆ.

ಬೀಜವೂ ತರಬೇತಿಯೂ ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ. ಮೊದಲು ಸಂಘದಿಂದ ನಾಲ್ಕು ಚೀಲ ಇಟ್ಟು ನೋಡಿ, ಸಾಲ ಮಾಡಿ ದೊಡ್ಡ ಕೊಟ್ಟಿಗೆ ಕಟ್ಟುವುದು ಆಮೇಲೆ.

ಸಂಘದ ಕೆಲಸ

ಸಹೋದರಿಯರೇ, ಹುತ್ತದ ಅಣಬೆ ಯಾವುದು, ಅಕ್ಕಿ ಅಣಬೆ ಯಾವುದು, ಮುಟ್ಟಬಾರದ್ದು ಯಾವುದು ಎಂಬ ತಿಳುವಳಿಕೆ ನಮ್ಮ ಅಜ್ಜಿಯರ ಕಣ್ಣಿನಲ್ಲಿದೆ. ಅವರು ಹೋದರೆ ಅದೂ ಹೋಗುತ್ತದೆ. ಈ ಮಳೆಗಾಲದಲ್ಲಿ ಪ್ರತಿ ಸಂಘವೂ ಒಂದು ದಿನ ಊರಿನ ಹಿರಿಯ ತಾಯಂದಿರನ್ನು ಕರೆದು, ಹುಡುಗಿಯರನ್ನು ಜತೆ ಮಾಡಿಕೊಂಡು ಗುಡ್ಡ ಸುತ್ತಿ ಬನ್ನಿ. ಎಲ್ಲಿ ಏಳುತ್ತದೆ, ಯಾವ ಮಳೆಗೆ, ಬುಡ ಹೇಗೆ, ಬಲಿತಾಗ ಬಣ್ಣ ಏನು ಅಂತ ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಇಬ್ಬರು ಹಿರಿಯರು ಒಪ್ಪದ ಅಣಬೆ ಒಲೆ ಏರಬಾರದು ಅಂತ ಒಂದು ನಿಯಮ ಮಾಡಿ. ಲೈನ್ ಮನೆಗಳಿಗೂ ಹೋಗಿ, ಭಾಷೆ ಬಾರದಿದ್ದರೂ ಅಣಬೆ ತೋರಿಸಿ ಹೇಳಿ.

ಒಳ್ಳೆಯ ಅಣಬೆ ಸಿಕ್ಕಿದ ದಿನ ಸಾರು ಮಾಡಿ, ಎಲ್ಲರ ಜತೆ ಕುಳಿತು ಊಟ ಮಾಡಿ, ಹೋಳು ನಿಮ್ಮ ತಟ್ಟೆಗೂ ಬಡಿಸಿಕೊಳ್ಳಿ. ಅದು ಆಸೆಬುರುಕತನವಲ್ಲ. ದೇವರು ಮಳೆಯ ಜತೆ ಕಳಿಸಿದ ಆಹಾರದಲ್ಲಿ ನಿಮಗೂ ಪಾಲಿದೆ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಹರಸಲಿ.

ಸಂಘದಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ತಿನ್ನುವ ಅಣಬೆ ಎಷ್ಟು ಬಗೆ? ಗುರುತಿಸಬಲ್ಲ ಹಿರಿಯರು ಯಾರು?

2. ಅಣಬೆ ತಿಂದು ತೊಂದರೆಯಾದರೆ ಎಷ್ಟು ಹೊತ್ತಿನಲ್ಲಿ ಆಸ್ಪತ್ರೆ ತಲುಪಬಹುದು? ವಾಹನ ಯಾರದ್ದು?

3. ನಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಅವರ ತಟ್ಟೆಗೆ ಏನು ಉಳಿಯುತ್ತದೆ?